ನಿಮ್ಮದೊಂದು ನಮ್ಮಲ್ಲೈತಿ

ನಮ್ಮೂರಲ್ಲಿ ಹಾಸಿಗೆ ಹಾಸುವಾಗ ಗಾಳಿ ಬೆಳಕು ನೋಡುವವರು ಕಡಿಮೆ. ಗೋಡೆಯ ಆಚೆ ಯಾರಿದ್ದಾರೆ ಅಂತ ನೋಡಿ ಹಾಸುತ್ತಾರೆ. ಹೆಣ್ಣು ಕೊಡುವ ಮುಂಚೆ ಹುಡುಗನ ನಡತೆ ಎಷ್ಟು ವಿಚಾರಿಸುತ್ತಾರೋ ಅವನ ಮಗ್ಗುಲ ಮನೆಯವರ ನಡತೆಯನ್ನೂ ಅಷ್ಟೇ ವಿಚಾರಿಸುತ್ತಾರೆ. ನನ್ನನ್ನು ಕೆಳಗೇರಿಯಿಂದ ಈ ಮೇಲ್ಗೇರಿಗೆ ಕೊಡುವಾಗ ನಮ್ಮಪ್ಪ ಹುಡುಗನ ಹತ್ತಿರ ಎರಡೇ ಮಾತಾಡಿದ. ಪಕ್ಕದ ಮನೆಯ ಸಿದ್ಲಿಂಗಜ್ಜನ ಜೊತೆ ಮಾತ್ರ ಒಂದು ಮಧ್ಯಾಹ್ನವೆಲ್ಲ ಕೂತು ಎಲೆ ಅಡಿಕೆ ಹಾಕಿಕೊಂಡು ಬಂದ. ಬಂದವನೇ, ಮುದುಕನ ಕೈ ಮೆತ್ತಗಿದೆ ಅಂತ ಅವ್ವನಿಗೆ ಹೇಳಿದ. ಅವ್ವ ಅಷ್ಟಕ್ಕೇ ಒಪ್ಪಿದಳು.

ಮೈಯೊಳಗೆ ಗಂಟು ಎದ್ದವರ ಗಂಟು ಅವರು ಮಲಗುವ ಗೋಡೆಯ ಆಚೆ ಮಗ್ಗುಲಿಗೆ, ಅಂದರೆ ಪಕ್ಕದವರ ಮನೆಯೊಳಗೆ ಮೂಡುತ್ತದೆ. ಎಲ್ಲ ಗಂಟೂ ಅಲ್ಲ. ನೀರುಗಂಟು, ಕೊಬ್ಬಿನ ಗಂಟು ಗೋಡೆಗೆ ಬರುವುದಿಲ್ಲ. ಮೈ ತಿನ್ನುವ ಜಾತಿಯದು ಮಾತ್ರ ಬರುತ್ತದೆ. ಈಗ ಅದಕ್ಕೆ ಕ್ಯಾನ್ಸರ್ ಅನ್ನುತ್ತಾರೆ, ನಮ್ಮತ್ತೆಯ ಕಾಲಕ್ಕೆ ಆಚೆಮನೆಯದು ಅನ್ನುತ್ತಿದ್ದರು. ಕಂಡವರು ಅವತ್ತೇ ಹೊತ್ತು ಮುಳುಗುವುದರೊಳಗೆ ಒಂದು ತಂಬಿಗೆ ನೀರು ಹಿಡಿದು ಆ ಮನೆಯ ಹೊಸ್ತಿಲು ದಾಟಿ, ನಿಮ್ಮದೊಂದು ನಮ್ಮಲ್ಲೈತಿ ಅನ್ನಬೇಕು. ಆ ಮನೆಯವರು ಅಳುವ ಮೊದಲು ಬಂದವರಿಗೆ ಮಜ್ಜಿಗೆ ಕೊಡಬೇಕು. ಬಂದವರು ಅದನ್ನು ಪೂರ್ತಿ ಕುಡಿಯಬೇಕು. ಕುಡಿಯದೆ ಎದ್ದರೆ ಹೇಳಿದ ಹಾಗಲ್ಲ. ಅಲ್ಲಿಂದಾಚೆಗೆ ಮೈ ಅವರದು, ಗೋಡೆ ಇವರದು. ಗೋಡೆ ನೋಡಿಕೊಳ್ಳುವುದು ಕಂಡವರ ಪಾಲಿನ ಕೆಲಸ. ಗಂಟು ಯಾರದೋ ಅವರು ಅದನ್ನು ನೋಡಲಿಕ್ಕೆ ಬರುವ ಪದ್ಧತಿ ನಮ್ಮಲ್ಲಿ ಇರಲಿಲ್ಲ.

ನಾನು ಮಣ್ಣು ಮೆತ್ತುವಾಕೆ. ಕೆಮ್ಮಣ್ಣಿಗೆ ತುಂಡು ಹುಲ್ಲು ಸೇರಿಸಿ, ನೀರು ಹಾಕಿ ಎಂಟು ದಿನ ಕೊಳೆಸಿ, ಕಾಲಲ್ಲಿ ತುಳಿದು ಹದ ಮಾಡಿ ಗೋಡೆಗೆ ಹಾಕುವುದು. ಹುಲ್ಲಿನ ಎಳೆ ಅಡ್ಡಡ್ಡ, ಉದ್ದುದ್ದ, ಗುಬ್ಬಿಯ ಗೂಡಿನ ಹಾಗೆ ಒಂದರೊಳಗೊಂದು ಸಿಕ್ಕಿಕೊಂಡಿರಬೇಕು. ಅಂಥ ಗೋಡೆ ಉಸಿರಾಡುತ್ತದೆ, ಬಿರುಕು ಬಿಡುವುದಿಲ್ಲ. ಇದನ್ನು ಕಲಿಸಿದ್ದು ಸಿದ್ಲಿಂಗಜ್ಜನೇ. ಅವನ ಪಡಸಾಲೆಯ ಗೋಡೆಯಲ್ಲಿ ನಮ್ಮತ್ತೆಯ ಗಂಟು ಇತ್ತು, ಹುಣಸೆಬೀಜದಷ್ಟು. ಹತ್ತೊಂಬತ್ತು ವರ್ಷ ಇತ್ತು. ಅತ್ತೆ ಸತ್ತಿದ್ದು ಅದರಿಂದಲ್ಲ, ಮುಪ್ಪಾಗಿ. ಅಜ್ಜ ದಿನಾ ಒದ್ದೆ ಅರಿವೆಯಿಂದ ಅದರ ಸುತ್ತ ಒಂದು ಗೇಣು ಜಾಗ ಒರೆಸುತ್ತಿದ್ದ. ಗಂಟನ್ನು ಮುಟ್ಟುತ್ತಿರಲಿಲ್ಲ. ಯಾಕೆ ಅಂತ ಕೇಳಿದ್ದಕ್ಕೆ, "ಗಂಟಿಗೆ ನಾವು ಹೇಳಿದ್ದು ಕೇಳಸೂದಿಲ್ಲ ಯವ್ವಾ. ಸುತ್ತ ಇದ್ದ ಮಣ್ಣಿಗೆ ಕೇಳಸತೈತಿ" ಅಂದಿದ್ದ.

ಎಲ್ಲರ ಗೋಡೆಯಲ್ಲೂ ಹೀಗೆ ಆಗಲಿಲ್ಲ. ಅಗಸರ ಓಣಿಯಲ್ಲಿ ಒಬ್ಬ ಸಿಟ್ಟಿಗೆ ಹಾರೆ ತಗೊಂಡು ಗಂಟನ್ನು ಕಿತ್ತು ಬಿಸಾಕಿದ. ಗೋಡೆಯಲ್ಲಿ ಗಾಯ ಉಳಿಯಿತು. ಮೆತ್ತಿದಷ್ಟೂ ಉದುರಿತು, ಆಮೇಲೆ ಗಾಯದ ಅಂಚಿಗೆ ಸುತ್ತಲೂ ಅಣಬೆಯ ಹಾಗೆ ಹೊಸವು ಎದ್ದವು. ಇನ್ನೊಬ್ಬಳು ಗೆಳತಿಯ ಗಂಟು ಅಂತ ಪ್ರೀತಿಗೆ ಬಿದ್ದು, ಬೆಲ್ಲದ ನೀರು ಹಾಕಿ ಹೊಸ ಮಣ್ಣು ಮೆತ್ತಿ ಮೆತ್ತಿ ಸಾಕಿದಳು. ಗೋಡೆಯ ತೇವವೆಲ್ಲ ಗೆರೆಗೆರೆಯಾಗಿ ಅದರ ಕಡೆಗೇ ಹರಿಯಿತು. ಕಿತ್ತವನೂ ಸಾಕಿದವಳೂ ಇಬ್ಬರೂ ಒಳ್ಳೆಯವರೇ. ಗಂಟು ಸುತ್ತಲಿನವರ ಒಳ್ಳೆಯತನವನ್ನೂ ತನ್ನ ಕೆಲಸಕ್ಕೆ ಹಚ್ಚಿಕೊಳ್ಳುತ್ತದೆ. ಇದನ್ನು ನಾನು ಎಷ್ಟೋ ಗೋಡೆಗಳಲ್ಲಿ ನೋಡಿದ್ದೇನೆ.

ಈಗ ಹೇಳಬೇಕಾದ್ದು ಕೊಟ್ರವ್ವನ ಗಂಟಿನ ಸಂಗತಿ. ಹದಿನಾಲ್ಕು ವರ್ಷದ ಹಿಂದಿನದು. ನಮ್ಮ ಸಾಲಿನಲ್ಲಿ ಮೂರು ಮನೆ. ಈ ತುದಿಗೆ ನಮ್ಮದು, ನಡುವೆ ಗೂಳಪ್ಪನದು, ಆ ತುದಿಗೆ ಕೊಟ್ರವ್ವನದು. ಮೂರಕ್ಕೂ ಹಿಂದುಗಡೆ ಒಂದೇ ಉದ್ದನೆಯ ಗೋಡೆ. ಗೂಳಪ್ಪ ಸಿದ್ಲಿಂಗಜ್ಜನ ಮೊಮ್ಮಗ, ನನ್ನ ಸೊಂಟದ ಮೇಲೆ ಬೆಳೆದವನು. ಮನಸ್ಸು ಕೆಟ್ಟದ್ದಲ್ಲ, ಹಟ ಹೆಚ್ಚು. ಕೊಟ್ರವ್ವ ಕೌದಿ ಹೊಲಿಯುವಾಕೆ, ಆಗ ನಲವತ್ತೆರಡರ ಹೆಂಗಸು. ಅವಳ ಗಂಡ ಜಂಬಣ್ಣ ಸೈಕಲ್ ರಿಪೇರಿ ಮಾಡುತ್ತಿದ್ದ. ಈ ಎರಡು ಮನೆಯ ಗಂಡಸರಿಗೆ ಮಾಳಿಗೆಯ ನೀರು ಬೀಳುವ ದೋಣಿಯ ಸಲುವಾಗಿ ಜಗಳ ಬಂತು. ಜಂಬಣ್ಣ ದೋಣಿ ತಿರುಗಿಸಿಟ್ಟಿದ್ದರಿಂದ ನೀರು ಗೂಳಪ್ಪನ ಅಂಗಳಕ್ಕೆ ಬಿತ್ತು. ಗೂಳಪ್ಪ ಓಣಿಯವರ ಮುಂದೆ, ನಿನ್ನ ಹೊಸ್ತಿಲು ತುಳಿದರೆ ನಮ್ಮಜ್ಜನ ಗದ್ದುಗೆ ತುಳಿದ ಹಾಗೆ ಅಂತ ಆಣೆ ಮಾಡಿದ. ಏಳು ವರ್ಷ ಮಾತಿಲ್ಲ. ಒಬ್ಬರ ಕೆಮ್ಮು ಒಬ್ಬರಿಗೆ ಕೇಳಿಸುವಷ್ಟು ಹತ್ತಿರದ ಮನೆಗಳು, ಆದರೂ ಮಾತಿಲ್ಲ.

ಶೀಗಿ ಹುಣ್ಣಿಮೆಯ ಮಾರನೆಯ ದಿನ ನನ್ನ ಸೊಸೆ ನೀಲಮ್ಮ ಅಡುಗೆ ಮನೆಯ ಮೂಲೆಯಲ್ಲಿ ಉಪ್ಪಿನ ಗಡಿಗೆ ಸರಿಸಿದವಳು, ಗೋಡೆಗೆ ಕಡಲೆಕಾಳು ಅಂಟಿಕೊಂಡಿದೆ, ಉಗುರಿಂದ ಕಿತ್ತರೂ ಬರುತ್ತಿಲ್ಲ ಅಂದಳು. ನಾನು ಎದ್ದು ಹೋಗಿ ಬೆರಳಿಟ್ಟು ನೋಡಿದೆ. ಬಿಗಿಯಾಗಿತ್ತು. ಆ ಗೋಡೆ ನಮಗೂ ಗೂಳಪ್ಪನಿಗೂ ನಡುವಿನದು. ಅವನದೋ, ಅವನ ಹೆಂಡತಿ ಪಾರವ್ವನದೋ ಇರಬೇಕು. ಕೈ ತೊಳೆದುಕೊಂಡು ತಂಬಿಗೆಗೆ ನೀರು ತುಂಬಿದೆ.

ಪಾರವ್ವ ಬಾಗಿಲಲ್ಲೇ ಇದ್ದಳು. "ಏನ ಚಿಗವ್ವ, ನಮ್ಮನಿಯಾಗ ನೀರು ಕೊಡೂದಿಲ್ಲಂತ ಮನಿಯಿಂದನ ತಂದಿ?" ಅಂತ ನಗಾಡಿದಳು. ನನ್ನ ಮುಖ ನೋಡಿ ನಗು ನಿಲ್ಲಿಸಿದಳು. ನಾನು ಒಳಗೆ ಹೋಗಿ ಹೇಳಬೇಕಾದ್ದು ಹೇಳಿದೆ. ಅವಳು ಮಜ್ಜಿಗೆ ತಂದಳು, ಉಪ್ಪು ಹಾಕಲು ಮರೆತಿದ್ದಳು. ನಾನು ಕುಡಿದೆ. ಗೂಳಪ್ಪ ಒಂದೇ ಮಾತು ಕೇಳಿದ, ಗೋಡೆಯಲ್ಲಿ ಎಲ್ಲಿ ಅಂತ. ಹಿಂದುಗಡೆಯ ಮೂಲೆಗೆ, ಸೊಂಟದ ಎತ್ತರಕ್ಕೆ ಅಂದೆ. ಅವನು ಕೊಟ್ರವ್ವನ ಮಗ್ಗುಲ ಗೋಡೆಗೆ ಒರಗಿದ್ದ ಜೋಳದ ಕಣಜವನ್ನು ನೋಡಿದ. ಮತ್ತೆ ನೆಲ ನೋಡುತ್ತಾ ಕೂತ. ಹೆದರಿದ್ದಾನೆ ಅಂದುಕೊಂಡೆ.

ಅವತ್ತು ಮಧ್ಯಾಹ್ನ ಪಾರವ್ವ ಕುತ್ತಿಗೆ ಮುಟ್ಟಿಕೊಂಡಳು, ಹೊಟ್ಟೆ ಒತ್ತಿಕೊಂಡಳು, ಗಂಡನ ಬೆನ್ನು ತಡವಿದಳು. ಆಮೇಲೆ ಅಳದೇ, ಮೂಗುತಿ ತಂಗಿಯ ಮಗಳಿಗೆ ಕೊಡಬೇಕು, ಎಮ್ಮೆಯನ್ನು ಮಾತ್ರ ಮಾರಬಾರದು, ಅದು ಬೇರೆಯವರ ಕೈಗೆ ಹಾಲು ಬಿಡುವುದಿಲ್ಲ ಅಂತ ಗಂಡನಿಗೆ ಒಂದೊಂದೇ ಹೇಳುತ್ತಾ ಹೋದಳಂತೆ. ಅವನಿಗೆ ತಡೆಯಲಾಗಲಿಲ್ಲ. ಹೊತ್ತು ಬಾಗುವ ಮುಂಚೆ ಮಾಳಿಗೆ ದಾಟಿ ನಮ್ಮ ಮನೆಯ ಏಣಿ ಇಳಿದು ಬಂದ. ಬಂದವನು ಕೂರಲಿಲ್ಲ.

"ಚಿಗವ್ವ, ಅದು ಪಾರೀದಲ್ಲ. ನಂದೂ ಅಲ್ಲ."

ಯಾರದು ಅಂತ ನಾನು ಕೇಳಲಿಲ್ಲ. ಅವನ ಕಣಜದ ಹಿಂದಿನ ಗೋಡೆಯ ಆಚೆ ಯಾರ ಹಾಸಿಗೆ ಇದೆ ಅಂತ ನನಗೆ ಗೊತ್ತಿತ್ತು.

ಅವನ ಮನೆಗೆ ಹೋಗಿ ಮೂವರೂ ಸೇರಿ ಕಣಜ ಸರಿಸಿದೆವು. ಹಿಂದೆ ಮಣ್ಣಿನ ಗೋಡೆಯ ನಡುವೆ ತಟ್ಟೆಯಗಲ ಸಿಮೆಂಟು, ಎರಡು ಬೆರಳು ದಪ್ಪ, ಕರಣೆ ಎಳೆದು ನುಣ್ಣಗೆ ಮಾಡಿದ್ದು. ಕಾರಹುಣ್ಣಿಮೆಯ ಹಿಂದಿನ ವಾರ ಇಲಿ ಹುಡುಕಲಿಕ್ಕೆ ಕಣಜ ಸರಿಸಿದಾಗ ಗಂಟು ಕಂಡಿತ್ತಂತೆ. ಹೇಳಬೇಕಂದರೆ ಆ ಹೊಸ್ತಿಲು ದಾಟಬೇಕು, ಆ ಮನೆಯ ಮಜ್ಜಿಗೆ ಕುಡಿಯಬೇಕು. ಎರಡು ದಿನ ನಿದ್ದೆ ಮಾಡಲಿಲ್ಲವಂತೆ. ಮೂರನೆಯ ದಿನ ಪೇಟೆಯಿಂದ ಒಂದು ಬುಟ್ಟಿ ಸಿಮೆಂಟು ತಂದು, ಹೆಂಡತಿ ಹೊಲಕ್ಕೆ ಹೋದಾಗ ಬಳಿದು, ಇಲಿಯ ಬಿಲ ಮುಚ್ಚಿದೆ ಅಂತ ಹೇಳಿದ್ದ.

"ಕೆಟ್ಟದ್ದಕ್ಕ ಮಾಡಲಿಲ್ಲ ಚಿಗವ್ವ. ಸುತ್ತ ಗಟ್ಟಿ ಮಾಡಿದ್ರ ಅಲ್ಲೇ ಕುಂದರತೈತಿ ಅನ್ಕೊಂಡೆ. ಆಣಿನೂ ಉಳೀತು, ಆಕಿನೂ ಉಳೀತಾಳಂತ."

ಪಾರವ್ವ ಗಂಡನ ಕಡೆ ತಿರುಗಿ, "ಏಳು ವರ್ಷ ಬಾಯಿ ಕಟ್ಟಿದ್ದು ಸಾಲಲಿಲ್ಲಂತ ಗೋಡಿನೂ ಕಟ್ಟಿದೆಪ್ಪ" ಅಂದು ಹಿತ್ತಲಿಗೆ ಹೋದಳು.

ನಾನು ಉಳಿ ತಂದು ಸಿಮೆಂಟನ್ನು ಚೂರುಚೂರಾಗಿ ಎಬ್ಬಿಸಿದೆ. ಒಳಗಿನ ಗಂಟು ನಿಂಬೆಹಣ್ಣಿಗಿಂತ ದೊಡ್ಡದಿರಲಿಲ್ಲ. ನನಗೆ ಭಯ ಆಗಿದ್ದು ಅದರ ಸುತ್ತಲಿನದನ್ನು ನೋಡಿ. ಗಾಳಿ ಆಡದೆ ಮಣ್ಣು ಸುಟ್ಟ ಇಟ್ಟಿಗೆಯ ಹಾಗೆ ಬಿರುಸಾಗಿತ್ತು. ನಾನೇ ತುಳಿದು ಮೆತ್ತಿದ ಗೋಡೆ, ಹುಲ್ಲು ಅಡ್ಡಡ್ಡ ಇರಬೇಕಿತ್ತು. ಈಗ ಅಷ್ಟೂ ಎಳೆಗಳು ಗಂಟಿನಿಂದ ಹೊರಮುಖವಾಗಿ, ಹಣಿಗೆಯಿಂದ ಬಾಚಿದ ಕೂದಲಿನ ಹಾಗೆ ನೆಟ್ಟಗೆ ನಿಂತಿದ್ದವು. ಆ ಎಳೆಗಳ ಗುಂಟ ಸಣ್ಣ ಕಂದು ಪುಡಿ ಬಿದ್ದಿತ್ತು, ಗಾಡಿ ಹೋದ ದಾರಿಯಲ್ಲಿ ಕಾಳು ಚೆಲ್ಲಿದ ಹಾಗೆ. ಬೆರಳಿಟ್ಟು ಹಿಂಬಾಲಿಸಿದೆ. ಹಿಂದುಗಡೆಯ ಉದ್ದ ಗೋಡೆಗೆ ಹತ್ತಿ, ಗೂಳಪ್ಪನ ಮನೆಯನ್ನೆಲ್ಲ ದಾಟಿ, ನಮ್ಮ ಅಡುಗೆ ಮನೆಯ ಮೂಲೆಯ ಕಡೆಗೆ ಹೋಗಿತ್ತು. ಅಲ್ಲೇ ಕೂರಲಿ ಅಂತ ಅವನು ಗಟ್ಟಿ ಮಾಡಿದ್ದೇ ಅದಕ್ಕೆ ಹೋಗುವ ದಾರಿಯಾಗಿತ್ತು.

ಕೊಟ್ರವ್ವನಿಗೆ ನೀನೇ ಹೋಗಿ ಹೇಳು ಅಂತ ಗೂಳಪ್ಪ ನನಗೆ ಅಂದ. ಹೊತ್ತು ಇನ್ನೊಂದು ಗಳಿಗೆಯಷ್ಟಿತ್ತು.

"ನಾ ಹೋದ್ರ ಅದು ಸುದ್ದಿ ಆಗತೈತಿ. ನೀ ಹೋದ್ರ ಹೇಳಿದಂಗ ಆಗತೈತಿ" ಅಂದೆ.

ಪಾರವ್ವ ಹಿತ್ತಲಿಂದ ಬಂದು ಅವನ ಕೈಗೆ ತಂಬಿಗೆ ಕೊಟ್ಟಳು. ಅವಳು ಮುಖ ತೊಳೆದುಕೊಂಡಿದ್ದಳು.

ಕೊಟ್ರವ್ವನ ಮನೆ ಬಾಗಿಲು ತೆರೆದಿತ್ತು. ಜಂಬಣ್ಣ ಸೈಕಲ್ಲಿನ ಗಾಲಿ ಮಡಿಲಲ್ಲಿಟ್ಟುಕೊಂಡು ಕಡ್ಡಿ ಬಿಗಿಯುತ್ತಿದ್ದ. ಕೊಟ್ರವ್ವ ಕೌದಿ ಹರಡಿಕೊಂಡು ಬಾಗಿಲ ಬೆಳಕಿಗೆ ಹೊಲಿಯುತ್ತಿದ್ದಳು. ಗೂಳಪ್ಪ ಹೊಸ್ತಿಲ ಹೊರಗೆ ನಿಂತ, ನಾನು ಅವನ ಹಿಂದೆ. ಜಂಬಣ್ಣ ತಲೆ ಎತ್ತಿ ನೋಡಿ, ಗಾಲಿ ಕೆಳಗಿಟ್ಟ. ಕೊಟ್ರವ್ವ ಮೊದಲು ತಂಬಿಗೆ ನೋಡಿದಳು, ಆಮೇಲೆ ಗೂಳಪ್ಪನನ್ನು. ಸೂಜಿಯನ್ನು ಕೌದಿಗೆ ಚುಚ್ಚಿ ಇಟ್ಟಳು.

"ಒಳಗ ಬಾ ಅಣ್ಣಾ. ಹೊರಗ ನಿಂತ್ರ ನನಗ ಕೇಳಸೂದಿಲ್ಲ."

ಅವನು ದಾಟಿದ. ಆ ಕಾಲು ಎತ್ತಿ ಒಳಗಿಡುವಷ್ಟರಲ್ಲಿ ಅವನ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ನಿಮ್ಮದೊಂದು ನಮ್ಮಲ್ಲೈತಿ ಅಂದ. ಅಲ್ಲಿಗೆ ನಿಲ್ಲಿಸಬಹುದಿತ್ತು, ಪದ್ಧತಿಯಲ್ಲಿ ಅದಕ್ಕಿಂತ ಹೆಚ್ಚಿನ ಮಾತಿಲ್ಲ. ಅವನು ನಿಲ್ಲಿಸಲಿಲ್ಲ. "ನಾಕು ತಿಂಗಳಾತು ತಂಗಿ. ನಾ ಮುಚ್ಚಿಟ್ಟೆ" ಅಂದ.

ಜಂಬಣ್ಣ ಎದ್ದ. ಅವನ ಕೈಯಲ್ಲಿ ಸ್ಪ್ಯಾನರ್ ಹಾಗೇ ಇತ್ತು. ನಾನು ನಡುವೆ ಬಂದೆ. ಆದರೆ ಅವನನ್ನು ತಡೆದವಳು ಕೊಟ್ರವ್ವ. ಅವಳು ಆಗಲೇ ಗಡಿಗೆಯಿಂದ ಮಜ್ಜಿಗೆ ಬಗ್ಗಿಸುತ್ತಿದ್ದಳು.

"ಮೊದ್ಲು ಕುಡೀಲಿ ಬಿಡ್ರಿ. ಅಂವ ಕುಡೀಲಿಲ್ಲಂದ್ರ ಹೇಳಿದಂಗಾಗೂದಿಲ್ಲ. ಹೇಳಿದಂಗಾಗಲಿಲ್ಲಂದ್ರ ನಾ ಎಲ್ಲಿಗೆ ಹೋಗಲಿ?"

ಗೂಳಪ್ಪ ಕುಡಿದ. ಒಂದೊಂದೇ ಗುಟುಕು, ಗಂಟಲು ಇಳಿಯದ ಔಷಧಿ ಕುಡಿದ ಹಾಗೆ. ಲೋಟ ಕೆಳಗಿಟ್ಟ ಮೇಲೆ ಜಂಬಣ್ಣ ಸ್ಪ್ಯಾನರ್ ಬಿಸಾಕಿ ಗೋಡೆಯ ಕಡೆ ತಿರುಗಿ ಕೂತುಬಿಟ್ಟ. ಆಗ ಕೊಟ್ರವ್ವ ಹೇಳಿದ್ದು ನನಗೆ ಇವತ್ತಿಗೂ ಹಾಗೇ ನೆನಪಿದೆ. ಎದೆಯಲ್ಲಿ ಗಂಟು ಇರುವುದು ಅವಳಿಗೆ ಗೊತ್ತಿತ್ತು. ಆಷಾಢದಲ್ಲೇ ಸ್ನಾನ ಮಾಡುವಾಗ ಕೈಗೆ ಸಿಕ್ಕಿತ್ತು. ಆಸ್ಪತ್ರೆಗೆ ಹೋಗೋಣ ಅಂದುಕೊಂಡವಳು ದಿನಾ ಸಂಜೆ ಬಾಗಿಲ ಕಡೆ ನೋಡುತ್ತಿದ್ದಳಂತೆ. ಪಕ್ಕದವರು ಬರಲಿಲ್ಲ.

"ಬರಲಿಲ್ಲಂದ ಮ್ಯಾಲ ನೀರುಗಂಟ ಇರಬೇಕಂತ ತಿಳ್ಕೊಂಡೆ ದೊಡ್ಡವ್ವ. ಗೂಳಪ್ಪಣ್ಣಗ ಎಷ್ಟ ಸಿಟ್ಟಿರಲಿ, ಇದೊಂದು ಮಾತು ಹೇಳದ ಇರೂದಿಲ್ಲ ಅಂತ ನಂಬಿದ್ದೆ."

ಗೂಳಪ್ಪ ಆಗ ಅತ್ತ. ಮಜ್ಜಿಗೆ ಕುಡಿದಾಗಿತ್ತು, ಅಳಲಿಕ್ಕೆ ಅಡ್ಡಿ ಇರಲಿಲ್ಲ.

ಮಾರನೆಯ ಬೆಳಿಗ್ಗೆಯೇ ಜಂಬಣ್ಣನೂ ನಾನೂ ಅವಳನ್ನು ಜಿಲ್ಲೆಯ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದೆವು. ಅಲ್ಲಿಯ ಡಾಕ್ಟರಮ್ಮ ಸಕೀನಾ ಅಂತ, ಕನ್ನಡಕದ ಸಣ್ಣ ಹೆಂಗಸು. ಮುಟ್ಟಿ ನೋಡಿ, ಚೂರು ತೆಗೆದು ಪರೀಕ್ಷೆಗೆ ಕಳಿಸಿ, ಅದೇ ಅಂದರು. ಕಂಕುಳಿಗೂ ಬಂದಿದೆ ಅಂದರು. ನಾಲ್ಕು ತಿಂಗಳ ಹಿಂದೆ ಬಂದಿದ್ದರೆ ಅಂತ ಜಂಬಣ್ಣ ಕೇಳಿದ. ಡಾಕ್ಟರಮ್ಮ ಕಾಗದದ ಮೇಲೆ ಏನೋ ಬರೆಯುತ್ತಾ, ಈಗ ಬಂದಿದ್ದೀರಲ್ಲ ಅಂದರು. ಒಳ್ಳೆಯವರು. ಕೊಯ್ದು ತೆಗೆಯಬೇಕು, ಆಮೇಲೆ ಮೂರು ವಾರಕ್ಕೊಮ್ಮೆ ಔಷಧಿ ಏರಿಸಬೇಕು ಅಂತ ಎಲ್ಲ ನಿಧಾನವಾಗಿ ತಿಳಿಸಿದರು.

ಕೊಯ್ದ ದಿನ ಸಂಜೆ ಡಾಕ್ಟರಮ್ಮ ಹೊರಗೆ ಬಂದಾಗ ನಾನು ಒಂದು ಮಾತು ಕೇಳಿದೆ. ಗಂಟು ತೆಗೆದಿರಿ, ಅದರ ಸುತ್ತ ಹೇಗಿತ್ತು ಅಂತ. ಅವರು ನಿಂತರು. ಯಾರೂ ಇದನ್ನು ಕೇಳುವುದಿಲ್ಲ ಅಂದರು. ನಾನು ಗೋಡೆಯ ಸಂಗತಿ ಹೇಳಿದೆ, ಬಿರುಸಾದ ಮಣ್ಣು, ನೆಟ್ಟಗೆ ನಿಂತ ಹುಲ್ಲು, ಅದರ ಗುಂಟ ಚೆಲ್ಲಿದ ಪುಡಿ. ಅವರು ನನ್ನ ಪಕ್ಕ ಬೆಂಚಿನ ಮೇಲೆ ಕೂತು, ಹುಲ್ಲಿನ ಮಾತು ಇನ್ನೊಮ್ಮೆ ಹೇಳಿ ಅಜ್ಜಿ ಅಂದರು. ಹೇಳಿದೆ.

"ಮೈಯಲ್ಲೂ ಹೀಗೇ ಎಳೆಗಳಿರ್ತವೆ ಅಜ್ಜಿ" ಅಂದರು. "ಗಾಜಿನ ಕೆಳಗಿಟ್ಟರೆ ಕಾಣ್ತವೆ. ಅಡ್ಡಡ್ಡ ಸಿಕ್ಕಿಕೊಂಡಿದ್ದರೆ ಗಂಟನ್ನ ಎಷ್ಟೋ ಸಲ ಹಿಡಿದಿಡ್ತವೆ. ಬಿಗಿದು ನೆಟ್ಟಗಾದರೆ ಅದು ಅವುಗಳ ಮೇಲೇ ನಡೆದು ಹೋಗುತ್ತೆ. ಸುತ್ತ ಇರೋವು ಒಳ್ಳೆಯ ಜೀವಕಣಗಳೇ. ಆದರೆ ಗಂಟು ಅವನ್ನೂ ಮಾತಾಡಿಸಿ ತನ್ನ ಕಡೆ ಮಾಡ್ಕೊಳ್ಳುತ್ತೆ. ಗಂಟನ್ನ ನಾನು ತೆಗೀಬಲ್ಲೆ. ಸುತ್ತಲಿನದು ನಾಳೆ ಏನು ಮಾಡುತ್ತೆ ಅನ್ನೋದು ನಮಗಿನ್ನೂ ಪೂರ್ತಿ ಗೊತ್ತಿಲ್ಲ."

ನಮ್ಮ ಅಡುಗೆ ಮನೆಯ ಕಡಲೆಕಾಳಿನ ಬಗ್ಗೆಯೂ ಕೇಳಿದೆ. ಅವರು ಯೋಚಿಸಿ, ಮೈಯಲ್ಲಿ ಬೇರೆ ಕಡೆ ಎಲ್ಲೂ ಕಾಣಲಿಲ್ಲ, ಇದ್ದರೂ ಕಾಣುವಷ್ಟಿಲ್ಲ, ಮಲಗಿರಬಹುದು ಅಂದರು. ಕೆಲವು ಹಾಗೆ ಹತ್ತಾರು ವರ್ಷ ಮಲಗುತ್ತವಂತೆ. ಏಳದಿರಲಿ ಅಂತ ಔಷಧಿ ಕೊಡುತ್ತೇವೆ ಅಂದರು. ಏಳುವುದಿಲ್ಲ ಅಂತ ಮಾತು ಕೊಡಲಿಲ್ಲ.

ಊರಿಗೆ ಬಂದು ಗೂಳಪ್ಪನ ಹಿತ್ತಲಲ್ಲಿ ಗುಂಡಿ ತೋಡಿಸಿದೆ. ಕೆಮ್ಮಣ್ಣು, ಹುಲ್ಲು, ನೀರು. ಎಂಟು ದಿನ ಕೊಳೆತ ಮೇಲೆ ತುಳಿಯಲಿಕ್ಕೆ ಗೂಳಪ್ಪನನ್ನೇ ಇಳಿಸಿದೆ. ಅಜ್ಜನ ಮೊಮ್ಮಗನಾದರೂ ಅವನಿಗೆ ಆ ಕೆಲಸ ಬರುತ್ತಿರಲಿಲ್ಲ. ಎರಡನೇ ದಿನಕ್ಕೆ ಹಿಮ್ಮಡಿ ಒಡೆದು, ಇನ್ನೂ ಎಷ್ಟು ತುಳಿಯಬೇಕು ಅಂತ ಕೇಳಿದ. ಸಿಟ್ಟು ಇಳಿಯುವ ತನಕ ಅಂದೆ. ಸಿಟ್ಟು ಇಳಿದು ಬಹಳ ದಿನವಾಯಿತು ಅಂದ. ಹಾಗಾದರೆ ಮಣ್ಣಿನ ಸಿಟ್ಟು ಇಳಿಯಲಿ ಅಂದೆ.

ಮೂರನೇ ದಿನ ಜಂಬಣ್ಣ ಬಟ್ಟೆ ಒಯ್ಯಲು ಆಸ್ಪತ್ರೆಯಿಂದ ಬಂದವನು ಹಿತ್ತಲ ಗೋಡೆಯ ಮೇಲಿಂದ ನೋಡುತ್ತಾ ನಿಂತ. ಆಮೇಲೆ ಪ್ಯಾಂಟು ಮಡಿಸಿ ಗುಂಡಿಯ ಆ ತುದಿಗೆ ಇಳಿದ. ಒಬ್ಬರು ಈ ತುದಿ, ಒಬ್ಬರು ಆ ತುದಿ, ಮಾತಿಲ್ಲ. ಪಾರವ್ವನೂ ನಾನೂ ಕಟ್ಟೆಯ ಮೇಲೆ ಹುಲ್ಲು ಕತ್ತರಿಸುತ್ತಾ ಕೂತಿದ್ದೆವು. ಗೂಳಪ್ಪನ ಕಾಲು ಜಾರಿ ಜಂಬಣ್ಣನ ಮುಖದ ತುಂಬ ಕೆಸರು ಹಾರಿತು.

"ಕಣ್ಣು ಕಾಣೂದಿಲ್ಲೇನು?" ಅಂದ ಜಂಬಣ್ಣ.

"ನಿನ್ನ ದೋಣಿ ಈ ಹಿತ್ತಲಕ್ಕ ತಿರಗಿಸಿದ್ರ ಇಲ್ಲೇ ತೊಳಕೋಬಹುದಿತ್ತು ನೋಡು" ಅಂದ ಗೂಳಪ್ಪ.

ಏಳು ವರ್ಷದ ಮೇಲೆ ಅವರು ಆಡಿದ ಮೊದಲ ಮಾತುಗಳು ಇವೇ. ಪಾರವ್ವ ಸೆರಗು ಬಾಯಿಗೆ ಒತ್ತಿಕೊಂಡಳು, ನಗುವಿಗೋ ಅಳುವಿಗೋ ಗೊತ್ತಾಗಲಿಲ್ಲ. ಜಂಬಣ್ಣ ಗೂಳಪ್ಪನನ್ನು ಅವತ್ತೇ ಕ್ಷಮಿಸಿದ ಅಂತ ನಾನು ಹೇಳುವುದಿಲ್ಲ. ಒಂದು ವರ್ಷದ ಮೇಲೂ ಒಮ್ಮೊಮ್ಮೆ ಅವನನ್ನು ನೋಡಿ ಮುಖ ತಿರುಗಿಸುತ್ತಿದ್ದ. ಆದರೆ ಅವತ್ತು ಕತ್ತಲಾಗುವ ತನಕ ತುಳಿದ.

ಗಂಟು ಇದ್ದ ಜಾಗ, ಆಸ್ಪತ್ರೆಯಲ್ಲಿ ಕೊಯ್ದ ದಿನವೇ ತಾನಾಗಿ ಉದುರಿ ಗುಳಿ ಬಿದ್ದಿತ್ತು. ಸುತ್ತ ಒಂದು ಮೊಳ ಬಿರುಸು ಮಣ್ಣನ್ನು ಬಿಡಿಸಿ, ಹಿಂದಿನ ಗೋಡೆಯ ಗುಂಟ ನಮ್ಮ ಮೂಲೆಯ ತನಕ ಕೆರೆದು, ಅಡ್ಡ ಹುಲ್ಲಿನ ಹೊಸ ಮಣ್ಣು ಹಾಕಿದೆವು. ಕಡಲೆಕಾಳನ್ನು ಮಾತ್ರ ಮುಟ್ಟಲಿಲ್ಲ. ಅದರ ಸುತ್ತ ಗೇಣಗಲ ಮೆತ್ತಗೆ ಮಾಡಿ, ಉಪ್ಪಿನ ಗಡಿಗೆಯನ್ನು ಬೇರೆ ಕಡೆ ಇಟ್ಟು, ಒಲೆಯನ್ನೂ ಎದುರು ಗೋಡೆಗೆ ಹಾಕಿಸಿದೆ. ಹೊಗೆ ಹೋಗುವುದಿಲ್ಲ ಅಂತ ನೀಲಮ್ಮ ಆರು ತಿಂಗಳು ಗೊಣಗಿದಳು. ಆದರೂ ಬೆಳಿಗ್ಗೆ ನಾನು ಮರೆತರೆ ಒದ್ದೆ ಅರಿವೆ ತಂದು ಕೈಗೆ ಕೊಡುತ್ತಿದ್ದವಳು ಅವಳೇ.

ಕೊಟ್ರವ್ವ ಮನೆಗೆ ಬಂದಾಗ ತಲೆಯಲ್ಲಿ ಕೂದಲಿರಲಿಲ್ಲ. ಬಲಗೈ ಊದಿಕೊಂಡು ಭುಜದ ಮೇಲೆ ಏಳುತ್ತಿರಲಿಲ್ಲ. ಹೊಲಿಯುವ ಕೈ ಅದೇ. ಬಂದ ಮೂರನೇ ದಿನ ಕೋಲು ಊರದೆ ನಮ್ಮ ಮನೆಗೆ ನಡೆದು ಬಂದಳು. ಚಹಾ ಬೇಡ ಅಂದಳು.

"ದೊಡ್ಡವ್ವ, ನಿನ್ನ ಗೋಡಿದು ತೋರಸು."

ಅಂಥ ಪದ್ಧತಿ ಇಲ್ಲ ಮಗಳೇ ಅಂದೆ. ನಮ್ಮತ್ತೆ ಹತ್ತೊಂಬತ್ತು ವರ್ಷದಲ್ಲಿ ಒಂದು ಸಲವೂ ಅಜ್ಜನ ಪಡಸಾಲೆಗೆ ಕಾಲಿಟ್ಟಿರಲಿಲ್ಲ. ತನ್ನ ಗಂಟನ್ನು ತಾನು ಕಂಡರೆ ಧೈರ್ಯ ಒಡೆಯುತ್ತದೆ ಅಂತ ಹಿರಿಯರು ಹೇಳುತ್ತಿದ್ದರು. ನಾನೂ ಎಷ್ಟೋ ಜನಕ್ಕೆ ಹಾಗೇ ಹೇಳಿ ಬಾಗಿಲಿಂದಲೇ ಕಳಿಸಿದ್ದೆ.

"ಪದ್ಧತಿ ನಂಬಿನ ನಾ ನಾಕು ತಿಂಗಳು ಬಾಗಲಾ ನೋಡಕೋತ ಕುಂತಿದ್ದೆ" ಅಂದಳು ಅವಳು. ದನಿ ಏರಿಸಲಿಲ್ಲ.

ಕರೆದುಕೊಂಡು ಹೋಗಿ ಮೂಲೆ ತೋರಿಸಿದೆ. ಅವಳು ಬಗ್ಗಿ ನೋಡಿದಳು. ಎಡಗೈ ಚಾಚಿ ಅಂಗೈಯನ್ನು ಅದರ ಮೇಲೆ ಇಟ್ಟಳು, ಕೂಸಿನ ನೆತ್ತಿ ಮುಟ್ಟಿದ ಹಾಗೆ. ತುಂಬಾ ಹೊತ್ತು ತೆಗೆಯಲಿಲ್ಲ. ನಾನು ಅವಳ ಮುಖ ನೋಡುತ್ತಿದ್ದೆ, ಧೈರ್ಯ ಒಡೆದರೆ ಹಿಡಿದುಕೊಳ್ಳೋಣ ಅಂತ.

"ಇಷ್ಟೇ ಏನು?" ಅಂದಳು. ಸ್ವಲ್ಪ ತಡೆದು, "ತಣ್ಣಗೈತಿ" ಅಂದಳು.

ಆಗ ಗೋಡೆಯ ಆ ಮಗ್ಗುಲಿಂದ ಸರಸರ ಸದ್ದು ಬಂತು. ಏನದು ಅಂತ ಅವಳು ಕಿವಿಗೊ‌ಟ್ಟಳು. ಗೂಳಪ್ಪ, ದಿನಾ ಈ ಹೊತ್ತಿಗೆ ತನ್ನ ಕಡೆಯಿಂದ ಅವನೂ ಒರೆಸುತ್ತಾನೆ, ಗೋಡೆ ಎರಡೂ ಕಡೆಯಿಂದ ಮೆತ್ತಗಿರಬೇಕಲ್ಲ ಅಂದೆ. ಕೊಟ್ರವ್ವ ಆ ಸದ್ದು ನಿಲ್ಲುವ ತನಕ ಅಲ್ಲೇ ಕೂತಿದ್ದಳು. ಆಮೇಲೆ ನನ್ನ ಕೈಯಿಂದ ಅರಿವೆ ತಗೊಂಡು, ನೀರಲ್ಲಿ ಅದ್ದಿ ಎಡಗೈಯಲ್ಲೇ ಹಿಂಡಿ, ಗಂಟಿನ ಸುತ್ತ ಒರೆಸಿದಳು.

ಅವತ್ತಿನಿಂದ ಆ ಕೆಲಸ ಅವಳದೇ. ಹೊಲಿಗೆಯನ್ನೂ ಎಡಗೈಗೆ ಕಲಿಸಿಕೊಂಡಳು. ಮೊದಮೊದಲು ಗೆರೆ ಸೊಟ್ಟ ಬರುತ್ತಿತ್ತು, ಈಗ ಯಾವ ಕೈಯ ಹೊಲಿಗೆ ಅಂತ ಗೊತ್ತಾಗುವುದಿಲ್ಲ. ಊರಿನ ಪದ್ಧತಿಯೂ ಸ್ವಲ್ಪ ಬದಲಾಯಿತು. ತಮ್ಮ ಗಂಟನ್ನು ತಾವು ನೋಡಬೇಕು ಅಂತ ಬರುವವರನ್ನು ಈಗ ಯಾರೂ ಬಾಗಿಲಿಂದ ಕಳಿಸುವುದಿಲ್ಲ. ಮೈಯಲ್ಲಿ ಏನಾದರೂ ಕೈಗೆ ಸಿಕ್ಕರೆ ಪಕ್ಕದವರ ತಂಬಿಗೆಗೆ ಕಾಯುತ್ತಾ ಕೂರುವವರೂ ಇಲ್ಲ, ತಾವೇ ಎದ್ದು ಆಸ್ಪತ್ರೆಗೆ ಹೋಗುತ್ತಾರೆ. ಹೋದವರೆಲ್ಲ ಉಳಿದಿದ್ದಾರೆ ಅಂತ ಅಲ್ಲ. ಕೆಳಗೇರಿಯ ಇಬ್ಬರನ್ನು ಹೋದ ವರ್ಷವೇ ಮಣ್ಣು ಮಾಡಿದೆವು. ಅವರ ಗೋಡೆಗಳನ್ನು ಅವರ ಮಗ್ಗುಲವರು ನನಗಿಂತ ಚೆನ್ನಾಗಿ ನೋಡಿಕೊಂಡಿದ್ದರು.

ನನ್ನ ಹಾಸಿಗೆ ಇರುವುದು ಗೂಳಪ್ಪನ ಗೋಡೆಗೆ. ಅವನು ಇನ್ನೂ ತಂಬಿಗೆ ಹಿಡಿದು ಬಂದಿಲ್ಲ. ಬಂದರೆ ನಮ್ಮಲ್ಲಿ ಮಜ್ಜಿಗೆ ಇದೆ, ಅವನ ಕೈಯೂ ಈಗ ಅವನಜ್ಜನ ಕೈಯಷ್ಟೇ ಮೆತ್ತಗಾಗಿದೆ.

ನನಗೆ ಈಗ ಬೆರಳ ತುದಿಯಲ್ಲಿ ಏನೂ ಗೊತ್ತಾಗುವುದಿಲ್ಲ, ಕಣ್ಣೂ ಮಂಜು. ದಿನಾ ಬೆಳಿಗ್ಗೆ ಕೊಟ್ರವ್ವ ಬರುತ್ತಾಳೆ, ಅಡುಗೆ ಮನೆಯ ಮೂಲೆಗೆ ಹೋಗಿ ಕೂರುತ್ತಾಳೆ. ಅರಿವೆ ಹಿಂಡಿದ ಸದ್ದು ಕೇಳಿಸುತ್ತದೆ. ಆ ಮಗ್ಗುಲಿಂದ ಗೂಳಪ್ಪನ ಸದ್ದು. ನಾನು ಹಾಸಿಗೆಯಿಂದಲೇ, ಹ್ಯಾಂಗೈತಿ ಮಗಳ ಅಂತ ಕೇಳುತ್ತೇನೆ. ಅವಳು ತಕ್ಷಣ ಹೇಳುವುದಿಲ್ಲ. ಬೆರಳಿಟ್ಟು, ಸುತ್ತಲೂ ಒತ್ತಿ ನೋಡಿ, ಆಮೇಲೆ ಹೇಳುತ್ತಾಳೆ.

"ನಿನ್ನೆಯಷ್ಟ ಐತಿ ದೊಡ್ಡವ್ವ."